ಓಯ್ತೀನಿ ಎಂದವನು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಶುರುಮಾಡಿದರೆ ನಾನು ಸಿಡುಕುತ್ತಿದ್ದೆ. ನೆಂಟರನ್ನೇ ಗದರಿಸಿ ಬಾಯಿ ಮುಚ್ಚಿಸಿದ್ದುಂಟು. ನನ್ನ ಕೆಲಸವೇ ಅಂಥದ್ದು ನೋಡಿ. ಹೆಣದ ಮಾಂಸದ ಚೂರಿನಲ್ಲಿ ಡಿಎನ್‌ಎ ಎಷ್ಟು ಮುರಿದಿದೆ ಎಂದು ಪರೀಕ್ಷಿಸಿ, ಸತ್ತು ಎಷ್ಟು ದಿನವಾಗಿರಬಹುದು ಎಂದು ಮೈಸೂರಿನ ಪ್ರಯೋಗಾಲಯದಲ್ಲಿ ಕೂತು ಹೇಳುತ್ತೇನೆ. ಒಂದೆರಡು ದಿನ ಆಚೀಚೆ ಆಗಬಹುದು, ಅಷ್ಟೇ.

ಮೂರು ವರ್ಷದ ಹಿಂದೆ ಒಂದು ಬುಧವಾರ ಬೀಚನಹಳ್ಳಿ ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬನ ಹೆಣ ಸಿಕ್ಕಿತು; ತಲೆಗೆ ಪೆಟ್ಟು ಬಿದ್ದ ಗುರುತಿತ್ತು. ಸತ್ತು ಏಳೆಂಟು ದಿನವಾಗಿದೆ ಎಂದು ಪರೀಕ್ಷೆಯಲ್ಲಿ ಬಂತು. ಪೊಲೀಸರಿಗೆ ಫೋನಿನಲ್ಲಿ ತಿಳಿಸಿದೆ. ಮಾರನೆಯ ದಿನ ಅವನ ಹೆಂಡತಿ ನಮ್ಮ ಗೇಟಿಗೇ ಬಂದು ನಿಂತಳು. ಹೆಣ ಸಿಗುವ ಎರಡು ದಿನ ಮುಂಚೆ, ಸೋಮವಾರ, ಗಂಡ ಮನೆಗೆ ಬಂದಿದ್ದನೆಂದು ಅವಳು ಹೇಳಿಕೆ ಕೊಟ್ಟಿದ್ದಳು. ನನ್ನ ಮಾತಿನಿಂದ ಅದು ಸುಳ್ಳಾಗಿ, ಕೊಲೆಯ ಅನುಮಾನ ಅವಳ ಮೇಲೆಯೇ ಬಿದ್ದಿತ್ತು.

"ಮಧ್ಯಾನ ಬಂದು ನೀರು ಕುಡುದ್ರು ಕಣ್ ಸಾ. ಎದ್ದು 'ಓಯ್ತೀನಿ' ಅಂದ್ರು. 'ಬಿಡ್ತು ಅನ್ನಿ, ಬತ್ತೀನಿ ಅನ್ಬಾರ್ದಾ' ಅಂತ ಬೈದೆ. ತಿರುಗೂ ನೋಡ್ಲಿಲ್ಲ."

ಆ ಮಾತನ್ನು ನಾನೂ ಕೇಳಿದ್ದೆ. ಅದೇ ಸೋಮವಾರ ಸಂಜೆ ನಾನು ಎಚ್.ಡಿ. ಕೋಟೆಯ ಅಕ್ಕನ ಮನೆಯಿಂದ ಹೊರಟು ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದವನು ಹ್ಯಾಂಡ್‌ಪೋಸ್ಟ್ ನಿಲ್ದಾಣದಲ್ಲಿ ಇಳಿಯುತ್ತಾ "ಓಯ್ತೀನಿ ಸಾ" ಎಂದ. 'ಹೋಗುತ್ತೇನೆ' ಎನ್ನುವುದು ಅಪಶಕುನವೆಂದು ನಮ್ಮ ಕಡೆ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. "ಬತ್ತೀನಿ ಅನ್ಬೇಕು ಕಣಯ್ಯ" ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

ಅವಳು ಮೊಬೈಲಿನಲ್ಲಿ ಗಂಡನ ಫೋಟೋ ತೋರಿಸಿದಳು. ಅದೇ ಮುಖ, ಎಡ ಹುಬ್ಬಿನ ಮೇಲೆ ಅದೇ ಹಳೆಯ ಗಾಯದ ಕಲೆ.

ಹೆಣ ಬೇರೆಯವರದ್ದಿರಬೇಕು ಎಂದುಕೊಂಡೆ. ಅವನ ಮಗಳ ರಕ್ತದೊಂದಿಗೆ ತಾಳೆ ನೋಡಿದರೆ ಅವನೇ. ಮಾದರಿ ಅದಲುಬದಲಾಗಿದೆಯೇನೋ ಎಂದು ಹೊಸದು ತರಿಸಿ ಮತ್ತೆರಡು ಸಲ ಪರೀಕ್ಷಿಸಿದೆ. ಬಿಸಿಲು, ನೀರಿನ ತಂಪು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅವನು ಆ ಸೋಮವಾರ ಬದುಕಿರಲು ಸಾಧ್ಯವೇ ಇರಲಿಲ್ಲ.

ನಾನೂ ಅವನನ್ನು ಕಂಡೆ ಎಂದು ಪೊಲೀಸರಿಗೆ ಹೇಳಬಹುದಿತ್ತು. ಮುಚ್ಚಿಡುವುದೇನು, ಹೆದರಿದೆ. ತಲೆ ಕೆಟ್ಟಿದೆ ಎನ್ನುತ್ತಾರೆ, ನನ್ನ ಹಳೆಯ ವರದಿಗಳನ್ನೆಲ್ಲ ಕೆದಕುತ್ತಾರೆ ಎಂದು ಸುಮ್ಮನೆ ವರದಿಗೆ ಸಹಿ ಹಾಕಿದೆ. ಅವಳು ಮತ್ತೆ ಬಂದು, "ನೀವಾದ್ರೂ ನಂಬ್ತೀರಾ ಸಾ?" ಎಂದು ಕೇಳಿದಳು.

"ಪರೀಕ್ಷೆ ಸುಳ್ಳು ಹೇಳಲ್ಲ ಕಣಮ್ಮ," ಎಂದುಬಿಟ್ಟೆ.

ಬಸ್ಸಿನಲ್ಲಿ ನಾನು ಕಂಡದ್ದು ಯಾರನ್ನು? ಇಂದಿಗೂ ತಿಳಿಯದು. ಅವಳ ಮೇಲಿನ ಕೇಸು ಈಗ ವಿಚಾರಣೆಗೆ ಬಂದಿದೆ. ಮುಂದಿನ ವಾರ ಸಾಕ್ಷಿ ಹೇಳಲು ನನಗೆ ಸಮನ್ಸ್ ಬಂದಿದೆ. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸುತ್ತಾರೆ. ಯಾವುದನ್ನು ಹೇಳಲಿ?