ಯಾವ ಪೀರಿಯಡ್ಡಿನಲ್ಲಿ ಕಕ್ಕಸ್ ತೊಳೆಯುವ ಪಾಠ?

ನಮ್ಮ ಮುಖ್ಯೋಪಾಧ್ಯಾಯರಷ್ಟು ಸಣ್ಣ ಮನುಷ್ಯನನ್ನು ನಾನು ಕೊರಟಗೆರೆ ಸೀಮೆಯಲ್ಲಿ ಕಂಡಿಲ್ಲ. ನಾನು ಆ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದ ಹೊಸತರಲ್ಲಿ, ದಿನಾ ಪ್ರಾರ್ಥನೆಗೆ ಮುಂಚೆ ದಲಿತರ ಕಾಲೊನಿಯ ನಾಲ್ಕು ಹುಡುಗಿಯರು ಶೌಚಾಲಯ ತೊಳೆಯುತ್ತಿದ್ದರು. ಅದನ್ನು ಮುಖ್ಯೋಪಾಧ್ಯಾಯರು ಶ್ರಮದಾನ ಎನ್ನುತ್ತಿದ್ದರು. ಬೇರೆ ಯಾರ ಮಕ್ಕಳೂ ದಾನ ಮಾಡಿದ್ದನ್ನು ನಾನು ನೋಡಲಿಲ್ಲ. ಆದರೂ ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತೆ. ಮುಖ್ಯೋಪಾಧ್ಯಾಯರೂ ನಮ್ಮ ಜಾತಿಯವರೇ. ಮೊದಲ ದಿನವೇ ಮನೆಗೆ ಊಟಕ್ಕೆ ಕರೆದಿದ್ದರು.

ವಿಷಯ ತಿಳಿದು ಮಧುಗಿರಿಯಿಂದ ದಲಿತ ಹೋರಾಟದ ನಾಯಕರೊಬ್ಬರು ಬಂದರು. ಮೇಷ್ಟರು ಹೊರಗೆ ಕೂರಿಸಿದ್ದಕ್ಕೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಕಲ್ಲು ಒಡೆದವರು. ಆಮೇಲೆ ಕಾನೂನು ಪುಸ್ತಕಗಳನ್ನು ಅಕ್ಷರ ಕೂಡಿಸಿ ಓದಿ, ಪಾವಗಡದಿಂದ ಶಿರಾದವರೆಗೆ ಬಾವಿ, ಹೋಟೆಲ್ಲು, ಸ್ಮಶಾನಗಳ ಜಗಳ ಗೆದ್ದವರು. ಆ ದಿನ ಒಬ್ಬರೇ ಬಂದಿದ್ದರು. ಆಫೀಸು ರೂಮಿನ ಗೋಡೆಯ ವೇಳಾಪಟ್ಟಿಯನ್ನು ಬೆರಳಿಟ್ಟು ಓದಿದರು.

"ಇದ್ರಾಗೆ ಕಕ್ಕಸ್ ತೊಳೆಯೋ ಪಾಠ ಎಲ್ಲೈತೆ ಸಾರ್?"

"ಮಕ್ಕಳು ಕೆಲಸ ಕಲೀಲಿ ಅಂತ..." ಎಂದರು ಮುಖ್ಯೋಪಾಧ್ಯಾಯರು.

"ಅಂಗಾದ್ರೆ ಬರ್ದುಬುಡಿ. ಯಾರ ಮಕ್ಳಿಗೆ, ಯಾಕೆ ಅವ್ರಿಗೇ ಅಂತ ಬರ್ದು ಸೈನ್ ಹಾಕಿ."

ಮುಖ್ಯೋಪಾಧ್ಯಾಯರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಎರಡು ಡಿಗ್ರಿ ಪಡೆದ ಕೈಗೆ ಒಂದು ಸಾಲು ಬರೆಯಲಾಗಲಿಲ್ಲ.

ನಾಯಕರು ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದರು. "ಕೆಲ್ಸ ನಮ್ ಮಕ್ಳಿಗೆ ಹುಟ್ತಾನೇ ಬಂದೈತೆ ಕಣಮ್ಮ. ಅವ್ರು ಇಸ್ಕೂಲಿಗೆ ಬರೋದು 'ಯಾಕೆ?' ಅಂತ ಕೇಳೋದ್ನ ಕಲಿಯೋಕೆ."



ಮರುದಿನದಿಂದ ಹಾಜರಿ ಸಂಖ್ಯೆಯ ಪ್ರಕಾರ ಎಲ್ಲ ಮಕ್ಕಳಿಗೂ ಶೌಚಾಲಯದ ಸರದಿ ಹಾಕಿದರು ಮುಖ್ಯೋಪಾಧ್ಯಾಯರು. ಮೊದಲ ದಿನವೇ ಪಂಚಾಯ್ತಿ ಸದಸ್ಯರೊಬ್ಬರ ಮಗನ ಕೈಗೆ ಪೊರಕೆ ಬಂತು. ಅಪ್ಪ ಬೈಕಿನಲ್ಲಿ ಧಾವಿಸಿ ಬಂದರು. "ನನ್ ಮಗನ್ ಕೈಲಿ ಇದ್ನ ಮಾಡುಸ್ತೀರಾ?" ವರ್ಷಗಟ್ಟಲೆ ಸಿಗದಿದ್ದ ಪಂಚಾಯ್ತಿ ಅನುದಾನ ಮಧ್ಯಾಹ್ನದೊಳಗೆ ಸಿಕ್ಕಿತು, ಕಾಲೊನಿಯ ಹೆಂಗಸೊಬ್ಬಳನ್ನು ಸಂಬಳಕ್ಕೆ ನೇಮಿಸಿದರು. ಗೆದ್ದೆವೆಂದು ನಾನು ನಾಯಕರಿಗೆ ಫೋನ್ ಮಾಡಿದೆ. ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದವಳಿಗೆ ಗೆಲುವಿನಲ್ಲಿ ಪಾಲು ಬೇಕಿತ್ತು!

"ಆಯಮ್ಮಂಗೆ ಮಕ್ಳು ಅವ್ರಾ? ಯಾವ ಕ್ಲಾಸು?" ಎಂದರು.

ನಾನು ಕೇಳಿಯೇ ಇರಲಿಲ್ಲ. ವಿಚಾರಿಸಿದರೆ, ಅವಳ ಮಗಳು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕೊಳಾಲದ ಕಡೆ ಹೂವು ಕೀಳಲು ಹೋಗುತ್ತಿದ್ದಳು. ಮೂರು ಸಲ ಮನೆಗೆ ಹೋಗಿ ಒಪ್ಪಿಸಿ, ಎಂಟನೆಯ ತರಗತಿಗೆ ಅವಳ ಅರ್ಜಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ.

"ನಿಮಗ್ಯಾಕೆ ಬೇಕಿತ್ತು ಇದೆಲ್ಲ? ನಾಳೆ ನೋಡೋಣ" ಎಂದರು ಮುಖ್ಯೋಪಾಧ್ಯಾಯರು.

ಗಂಟೆ ಹೊಡೆಯಿತು. ಅವರು ಸಹಿ ಹಾಕುವವರೆಗೂ ನಾನು ಮೇಜಿನ ಮುಂದಿನಿಂದ ಕದಲಲಿಲ್ಲ.