ವಸಂತಮ್ಮನ ಹೆಸರಿನ ಮಾತ್ರೆ

ಯಾರನ್ನು ಕಂಡರೂ ಮೂಗು ಮುರಿಯುವುದು ವಸಂತಮ್ಮನ ಚಾಳಿ. ತಾಳಮಲೆ ರಸ್ತೆಯ ಪಕ್ಕ ಗಂಡ ರಾಚಪ್ಪನ ಹೊಲ. ಅಲ್ಲಿ ಬೆಳೆಯುವ ಕೋಸನ್ನು ಬಿಟ್ಟರೆ ಅವಳ ಮೆಚ್ಚುಗೆ ಪಡೆದವನು ಮಗ ಶಿವಶಂಕರ ಒಬ್ಬನೇ. ರಾಚಪ್ಪನನ್ನಂತೂ ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮಗನೋ ಇಪ್ಪತ್ತಾರಕ್ಕೇ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬೀಳುತ್ತಿರಲಿಲ್ಲ. ಕೋಸಿನ ಲೋಡನ್ನು ಪಿಕಪ್ಪಿನಲ್ಲಿ ಸತ್ಯಮಂಗಲಕ್ಕೆ ಇಳಿಸುವುದು ಅವನ ಕೆಲಸ. ಹೋಗುವಾಗ ಘಾಟಿಯ ದಿಂಬಂನಲ್ಲಿ ಬಜ್ಜಿ, ಬರುವಾಗ ಅಲ್ಲೇ ಪರೋಟ. ಮೂಟೆ ಎತ್ತುವವರು ಬೇರೆಯವರು, ಇವನ ಮೈಯಲ್ಲಿ ದುಡಿಯುತ್ತಿದ್ದುದು ಕೈ ಮತ್ತು ಬಾಯಿ ಮಾತ್ರ. ಹೀಗೆ ಬೆಳೆದ ಹೊಟ್ಟೆಗೆ ವಸಂತಮ್ಮ ಮೈಕಟ್ಟು ಎಂದು ಹೆಸರಿಟ್ಟಿದ್ದಳು.

ತಲೆನೋವು ಬಿಡದೆ ಕಾಡತೊಡಗಿದಾಗ ತಾಯಿ ಮಗ ಚಾಮರಾಜನಗರಕ್ಕೆ ಹೋದರು. ಡಾಕ್ಟರು ಪರೀಕ್ಷೆ ಮಾಡಿಸಿ, ಬಿಪಿ ಬಹಳ ಇದೆ, ಸಕ್ಕರೆ ಕಾಯಿಲೆಯೂ ಶುರುವಾಗಿದೆ, ಲಿವರಿಗೆ ಕೊಬ್ಬು ಕೂತಿದೆ, ಎಲ್ಲ ಒಂದಕ್ಕೊಂದು ಅಂಟಿಕೊಂಡ ಕಾಯಿಲೆಗಳೇ ಎಂದರು. ತೂಕ ಇಳಿಸಬೇಕು, ಉಪ್ಪು ಎಣ್ಣೆ ಕಡಿಮೆ ಮಾಡಬೇಕು, ದಿನಾ ನಡೆಯಬೇಕು, ಮಾತ್ರೆ ತಪ್ಪಿಸಬಾರದು. ಈ ವಯಸ್ಸಿನಲ್ಲಿ ಅಸಡ್ಡೆ ಮಾಡಿದರೆ ಕಿಡ್ನಿಗೂ ಮಿದುಳಿಗೂ ಪೆಟ್ಟು ಎಂದು ಒತ್ತಿ ಹೇಳಿದರು. ವಸಂತಮ್ಮ ನೋಡಿದ್ದು ಡಾಕ್ಟರರ ಕಡ್ಡಿಯಂಥ ಮೈಯನ್ನು ಮಾತ್ರ. ತನ್ನ ಮಗನನ್ನು ಕಂಡು ಅವರಿಗೆ ಹೊಟ್ಟೆಕಿಚ್ಚು ಎಂದು ಬಸ್ಸಿನಲ್ಲಿ ತೀರ್ಪು ಕೊಟ್ಟಳು. ಉಪ್ಪಿಲ್ಲದ ಸಾರು ಕುದಿಸಿದರೆ ಇದು ರೋಗಿಯ ಮನೆ ಎಂದು ಬಂದವರಿಗೆಲ್ಲ ಗೊತ್ತಾಗುತ್ತದಲ್ಲ, ಹಾಗಾಗಿ ಸಾರಿನ ಉಪ್ಪು ಹಾಗೇ ಉಳಿಯಿತು.

ಮಾತ್ರೆಯನ್ನು ಮಾತ್ರ ಬಿಡಿಸಲಿಲ್ಲ, ಅಷ್ಟು ಭಯ ಇತ್ತು. ಆದರೆ ಆ ಹೊತ್ತಿಗೆ ಬಾಳೆತೋಟದ ಪುಟ್ಟಬಸಪ್ಪನ ಮಗಳು ಪೂಜಳ ಸಂಬಂಧ ಕುದುರುತ್ತಿತ್ತು. ಮದುವೆಯಾಗದ ಗಂಡು ಬಿಪಿ ಮಾತ್ರೆ ನುಂಗುತ್ತಾನೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ? ಬಿಪಿ, ಸಕ್ಕರೆಯವರ ಮನೆಬಾಗಿಲಿಗೇ ಸರ್ಕಾರದ ಮಾತ್ರೆ ತರುವ ಪರಿಮಳ ಆ ಬೀದಿಗೂ ಬರುತ್ತಿದ್ದಳು. ವಸಂತಮ್ಮ ಅವಳ ಮುಂದೆ ಮಗನ ಮಾತ್ರೆಯ ಹಾಳೆ ಹಿಡಿದು, ಇದು ತಾನು ನುಂಗುವುದು ಎಂದಳು. ಸಕ್ಕರೆ ಕಾಯಿಲೆಯನ್ನು ಗಂಡನ ತಲೆಗೆ ಕಟ್ಟಿದಳು. ಮಗನ ರೋಗವನ್ನು ಅಪ್ಪ ಅವ್ವ ಜಮೀನಿನಂತೆ ಪಾಲು ಮಾಡಿಕೊಂಡರು, ಮಗ ಮಾತ್ರ ನಿರೋಗಿ.

ಅಲ್ಲಿಂದ ತಿಂಗಳು ತಿಂಗಳೂ ಪರಿಮಳ ಬಿಪಿ ನೋಡುವ ಮಿಷನ್ನು ತಂದಾಗ ವಸಂತಮ್ಮ ಜಗಲಿಯಲ್ಲಿ ಕೂತು ತೋಳು ಚಾಚುವಳು. ಹೊಲ ಸುತ್ತಿ ಗಟ್ಟಿಯಾದ ಮೈ, ಬಿಪಿ ಹೇಗೆ ಏರೀತು? ಪಾಪ, ಪರಿಮಳ ಅದು ಮಾತ್ರೆಯ ಗುಣ ಎಂದುಕೊಂಡು, ವಸಂತಮ್ಮನಷ್ಟು ನೇಮದವರಿಲ್ಲ ಎಂದು ಬೀದಿಯಲ್ಲೆಲ್ಲ ಹೊಗಳಿದಳು. ಇದೇ ಪರಿಮಳಳ ಅವ್ವ ಬೊಮ್ಮಮ್ಮ ತಮ್ಮ ಹೊಲದಲ್ಲಿ ಕಳೆ ಕೀಳಲು ಬರುವವಳು, ಇಂಥವಳ ಕಣ್ಣಿಗೆ ಮಣ್ಣೆರಚುವುದೇನು ಮಹಾ ಎಂದು ವಸಂತಮ್ಮ ಬೀಗಿದಳು. ಪರಿಮಳ ಬರೆದುಕೊಂಡು ಹೋದ ಬಿಪಿ ಲೆಕ್ಕ ನೋಡಿದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಅರ್ಧ ಮಾತ್ರೆ ಹೋಗಿದ್ದು ಮಗನ ಹೊಟ್ಟೆಗೆ. ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ. ಮದುವೆಯೊಂದು ಆಗಿಬಿಡಲಿ ಎಂದು ಅವಳು ತುಟಿ ಹೊಲಿದುಕೊಂಡಳು. ತಲೆ ಸಿಡಿಯುತ್ತದೆ ಎಂದ ಮಗನಿಗೆ ಕಾಫಿ ಕಾಯಿಸಿಕೊಟ್ಟಳು.

ಹೆಣ್ಣಿನ ಕಡೆಯವರು ಮನೆ ನೋಡಲು ಬಂದ ದಿನ ಪೂಜಳೂ ಬಂದಳು. ಶಾಸ್ತ್ರ ಗೊತ್ತಿಲ್ಲದ ಹುಡುಗಿ ಎಂದು ವಸಂತಮ್ಮ ಅವಳನ್ನೂ ಮನಸ್ಸಿನಲ್ಲೇ ತೂಗಿ ಪಕ್ಕಕ್ಕಿಟ್ಟಳು. ಶಿವಶಂಕರ ಬಿಳಿ ಷರಟು ತೊಟ್ಟು, ಕುರ್ಚಿಗಳನ್ನು ಹೊತ್ತು ತರುತ್ತಿದ್ದವನು ನಡುಮನೆಯಲ್ಲಿ ಕಂಬ ಹಿಡಿದು ನಿಂತ. ಮೂಗಿನಿಂದ ರಕ್ತ ಇಳಿದು ಷರಟೆಲ್ಲ ಕೆಂಪಾಯಿತು. ಕಣ್ಣು ಮಂಜು ಮಂಜು ಎಂದ. ಉಷ್ಣ, ಏನಿಲ್ಲ ಎಂದು ವಸಂತಮ್ಮ ನಗುತ್ತಿದ್ದರೆ, ಪುಟ್ಟಬಸಪ್ಪ ಬೀದಿಯಲ್ಲಿ ಹೋಗುತ್ತಿದ್ದ ಪರಿಮಳಳನ್ನು ಕೂಗಿ ಕರೆದ.

ಪರಿಮಳ ಬಂದು ಮಿಷನ್ನು ಬಿಚ್ಚಿದಳು. ರೂಢಿಯಾಗಿ ಹೋಗಿತ್ತಲ್ಲ, ವಸಂತಮ್ಮ ಸೆರಗು ಸರಿಸಿ ತನ್ನ ತೋಳನ್ನೇ ಚಾಚಿದಳು. ರಕ್ತ ಸುರಿಸುತ್ತ ಕೂತ ಮಗನ ಪಕ್ಕದಲ್ಲಿ ಆ ಗಟ್ಟಿ ತೋಳು ಹಾಗೇ ಇತ್ತು. ನೋಡಿದವರಿಗೆ ಹೇಸಿಗೆಯಾಯಿತು.

"ನಿಮ್ದಲ್ಲಕ್ಕ, ಅವ್ರದು," ಎಂದು ಪರಿಮಳ ಪಟ್ಟಿಯನ್ನು ಅವನ ತೋಳಿಗೆ ಸುತ್ತಿದಳು. ಬಂದ ಸಂಖ್ಯೆಯನ್ನು ನಂಬದೆ ಮತ್ತೊಮ್ಮೆ ನೋಡಿದಳು. ಯಾವುದಾದರೂ ಮಾತ್ರೆ ತಗೊಳ್ಳುತ್ತಾರಾ ಎಂದು ಕೇಳಿದಳು.

ಲೆಕ್ಕಕ್ಕಿಲ್ಲದ ರಾಚಪ್ಪ ಮೂಲೆಯಿಂದ ಹೇಳಿದ: "ಇವ್ಳ ಮಾತ್ರನೂ ಅವ್ನೇ ತಿನ್ನದು, ನನ್ನ ಮಾತ್ರನೂ ಅವ್ನೇ ತಿನ್ನದು. ನಮ್ಗ ಯಾವ ಕಾಯ್ಲನೂ ಇಲ್ಲ ಕಣವ್ವ."

ಪರಿಮಳಳ ಮುಖ ಬಿಳಿಚಿತು. ವಸಂತಮ್ಮನ ತೋಳು ನೋಡಿ ಇವನ ಮಾತ್ರೆಯನ್ನು ಇಳಿಸಿದ್ದಾರೆ ಎಂದು ಅವಳಿಗೆ ಹೊಳೆಯಿತು. ಬೈಯಲೂ ಹೊತ್ತಿರಲಿಲ್ಲ, ಈಗಲೇ ಆಸ್ಪತ್ರೆಗೆ ಸೇರಿಸಬೇಕು ಎಂದಳು. ಪುಟ್ಟಬಸಪ್ಪ ತನ್ನ ಕಾರನ್ನೇ ಬಾಗಿಲಿಗೆ ತಂದ.

ಮಗನನ್ನು ಹಿಂದಿನ ಸೀಟಿಗೆ ಕೂರಿಸುವಾಗಲೂ ವಸಂತಮ್ಮನ ಕಣ್ಣು ಸಂಬಂಧದ ಮೇಲೇ. ಪೂಜಳ ಕೈ ಹಿಡಿದುಕೊಂಡು, ಈಗಿನ ಕಾಲದಲ್ಲಿ ಯಾರಿಗಿಲ್ಲ ಬಿಪಿ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಗೋಗರೆದಳು.

ಪೂಜ ಕೈ ಬಿಡಿಸಿಕೊಂಡಳು. "ಬಿಪಿ ಇರೋನ್ನ ಕಟ್ಕಬೋದು ಕಣತ್ತ. ಅವ್ವನ ಎಸ್ರಲ್ಲಿ ಬದ್ಕೋನ್ನ ಎಂಗ ಕಟ್ಕಳದು?"

ವಸಂತಮ್ಮ ಉತ್ತರಕ್ಕಾಗಿ ಮಗನ ಕಡೆ ತಿರುಗಿದಳು. ಅವನು ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು, ಅವಳು ಹತ್ತಲು ಬಂದ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡ.

"ನೀ ಬರ್ಬೇಡ ಕಣವ್ವ, ಅಪ್ಪ ಬರ್ಲಿ. ನೀ ಬಂದ್ರ ಅಲ್ಲೂ ನಿನ್ನ ಎಸ್ರನ್ನೇ ಏಳ್ತೀಯ."

ರಾಚಪ್ಪ ಹೆಂಡತಿಯನ್ನು ದಾಟಿಕೊಂಡು ಬಂದು ಕಾರು ಹತ್ತಿದ.