ಸೀತಮ್ಮನವರ ಕ್ಯಾಸೆಟ್ ಗುಡಿಸಿದ ಕಥೆ

ನಾನು ನಿವೃತ್ತನಾದ ವರ್ಷದ ಮಾತು. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿದವನಿಗೆ ಚಾಮರಾಜಪೇಟೆಯ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಾಗಲಿಲ್ಲ. ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರ್ ಇಳಿಸಿ, ಒಂದು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ, ಮನೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಎಂಪಿತ್ರೀ ಮಾಡತೊಡಗಿದೆ. ನಮ್ಮವು ಮುಗಿದ ಮೇಲೆ ಅಕ್ಕಪಕ್ಕದವರು ತಮ್ಮವನ್ನು ತಂದರು. ಕಚೇರಿಯಲ್ಲಿ ಒಬ್ಬರೂ ನನ್ನನ್ನು ಹೊಗಳಿದವರಲ್ಲ, ಇಲ್ಲಿ ಬಂದವರೆಲ್ಲ ಹೊಗಳಿದರು. ತಲೆ ತಿರುಗಲು ಅಷ್ಟು ಸಾಕಾಯಿತು.

ಹಳೆಯ ಕ್ಯಾಸೆಟ್ಟಿನಲ್ಲಿ ಬುಸ್ಸೆನ್ನುವ ಸದ್ದು ಇದ್ದೇ ಇರುತ್ತದೆ. ಅದನ್ನು ತೆಗೆಯಲು ಕಂಪ್ಯೂಟರಿನಲ್ಲಿ ಒಂದು ಉಪಾಯವಿದೆ. ಹಾಡು ಶುರುವಾಗುವ ಮೊದಲು ಬರೀ ಸದ್ದಿರುವ ಮೂರು ನಾಲ್ಕು ಸೆಕೆಂಡನ್ನು ಆರಿಸಿ, ಇದು ಕಸ ಎಂದು ತೋರಿಸಬೇಕು. ಅಂಥ ಸದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಹುಡುಕಿ ಗುಡಿಸಿಹಾಕುತ್ತದೆ. ನನಗೆ ಈ ಗುಡಿಸುವ ಕೆಲಸವೆಂದರೆ ಪಂಚಪ್ರಾಣ.

ಒಂದು ಸೋಮವಾರ ಹಿಂದಿನ ರಸ್ತೆಯ ಸೀತಮ್ಮನವರು ಬಂದರು. ಎಂಬತ್ತು ದಾಟಿದವರು. ಅವರ ಅಕ್ಕ ಕಮಲಮ್ಮ ಮನೆಯ ವರಾಂಡದಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಅವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

"ಅಕ್ಕ ಹಾಡಿರೋದು ಇದೊಂದೇ ಇರೋದು. ಯಾರೋ ಶಿಷ್ಯೆ ಪಾಠದ ಹೊತ್ತಲ್ಲಿ ಹಿಡ್ಕೊಂಡಿದ್ದಳು. ನಮ್ಮನೇಲಿ ಟೇಪ್ ರೆಕಾರ್ಡರ್ ಕೆಟ್ಟೋಗಿ ಯಾವ ಕಾಲ ಆಯ್ತೋ. ಇನ್ನೊಂದ್ಸಲ ಕೇಳ್ಬೇಕು ಅಂತ ಆಸೆ" ಎಂದು ಸೆರಗಿನ ಗಂಟು ಬಿಚ್ಚಿ ಕ್ಯಾಸೆಟ್ ಕೊಟ್ಟರು.

ಆವತ್ತೇ ಹಾಕಿದೆ. ಶುರುವಿನಲ್ಲಿ ಬುಸ್ಸೆನ್ನುವುದರ ಜೊತೆಗೆ ಗುಂಯ್ ಎಂದು ಇನ್ನೊಂದು ಸದ್ದು. ಹಾಡಿನುದ್ದಕ್ಕೂ ಅದು ನಿಲ್ಲಲೇ ಇಲ್ಲ. ಸಂಗೀತಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಟೇಪ್ ರೆಕಾರ್ಡರಿನ ಮೋಟಾರು ಗೊರಕೆ ಹೊಡೆಯುತ್ತಿದೆ ಎಂದುಕೊಂಡು, ಆ ಮೊದಲ ಸೆಕೆಂಡುಗಳನ್ನೇ ಕಸವೆಂದು ತೋರಿಸಿದೆ. ಗುಂಯ್ ಎನ್ನುವುದು ಪೂರ್ತಿ ಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನ ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಆದ್ದರಿಂದ ಗುಡಿಸುವ ಮುಂಚಿನ ಮೂಲ ಪ್ರತಿಯನ್ನು ಅಳಿಸಿಬಿಟ್ಟೆ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವಾಗ ಟೇಪು ಸಿಕ್ಕಿಕೊಂಡು ಒಂದು ಕಡೆ ಮುದುರಿತು. ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿಟ್ಟೆ. ಹೇಗೂ ಕೆಲಸ ಮುಗಿದಿದೆಯಲ್ಲ ಎಂಬ ಧೈರ್ಯ.

ಮರುದಿನ ಬೆಳಿಗ್ಗೆ ಸೀತಮ್ಮನವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಹೊಗಳಿಕೆಗೆ ಸಿದ್ಧನಾಗಿ ಪಕ್ಕದಲ್ಲಿ ನಿಂತೆ. ಅಕ್ಕನ ದನಿ ಬಂದ ಕೂಡಲೇ ಅವರು ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ತೆರೆದರು. ಕೊನೆಯವರೆಗೂ ಕೇಳಿದರು.

"ಅಕ್ಕ ಚೆನ್ನಾಗಿ ಬಂದಿದಾಳೆ" ಎಂದರು. ಆಮೇಲೆ ಮೆಲ್ಲಗೆ, "ಆದ್ರೆ ನಾನೆಲ್ಲಿ?" ಎಂದರು.

"ನೀವೂ ಹಾಡಿದ್ರಾ?"

"ನನಗೆಲ್ಲಿ ಬರತ್ತೆ ಹಾಡು! ಶ್ರುತಿ ಪೆಟ್ಟಿಗೆ ಹಾಕ್ತಿದ್ದೋಳು ನಾನು. ಅಕ್ಕನ ಪಕ್ಕ ಕೂತು ನಲವತ್ತು ವರ್ಷ ಅದೊಂದೇ ಮಾಡಿದ್ದು. ಬೇರೆ ಯಾರಾದ್ರೂ ಹಾಕಿದ್ರೆ ಅವಳಿಗೆ ಆಗ್ತಾನೇ ಇರ್ಲಿಲ್ಲ."

ನನಗೆ ಮೋಟಾರಿನ ಗೊರಕೆ ನೆನಪಾಯಿತು. ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಮಾಡಿದ್ದನ್ನು ಮುಚ್ಚಿಡದೆ ಹೇಳಿಬಿಟ್ಟೆ. ಸೀತಮ್ಮನವರು ಬಯ್ಯಲಿಲ್ಲ. "ಹೋಗ್ಲಿ ಬಿಡಿ, ಅಕ್ಕನ ದನಿ ಸಿಕ್ತಲ್ಲ" ಎಂದರು. ಬಯ್ದಿದ್ದರೆ ವಾಸಿಯಿತ್ತು.

"ಇನ್ನೊಂದ್ಸಲ ಹಿಡೀತೀನಿ, ಕ್ಯಾಸೆಟ್ ಇಲ್ಲೇ ಇದೆಯಲ್ಲ" ಎಂದು ಕೈಗೆತ್ತಿಕೊಂಡರೆ, ಟೇಪನ್ನು ಒತ್ತಿ ಹಿಡಿಯುವ ಸಣ್ಣ ಸ್ಪಂಜಿನ ತುಂಡು ಉದುರಿ ನನ್ನ ಅಂಗೈಗೆ ಬಿತ್ತು. ಅದಿಲ್ಲದೆ ಸದ್ದು ಸರಿಯಾಗಿ ಬರುವುದಿಲ್ಲ. ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕುವುದೊಂದೇ ದಾರಿ. ಮನೆಯಲ್ಲಿದ್ದವುಗಳಲ್ಲಿ ಸ್ಕ್ರೂ ಬಿಚ್ಚಿ ತೆರೆಯಬಹುದಾದದ್ದು ಒಂದೇ, ನಮ್ಮ ಮದುವೆಯ ವಾಲಗದ್ದು.

ನನ್ನ ಹೆಂಡತಿ ವಸಂತಾ ಕಾಫಿ ತಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ತೆಗೀರಿ. ನಮ್ಮದನ್ನ ಆಗಲೇ ಗುಡಿಸಿ ಇಟ್ಟಿದೀರಲ್ಲ" ಎಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಅದರಲ್ಲಿ ಡೋಲು ಉಳಿದಿದ್ಯೋ ಇಲ್ವೋ, ಒಂದ್ಸಲ ನೋಡ್ಬಿಡಿ" ಎಂದಳು. ಸೀತಮ್ಮನವರೂ ನಕ್ಕುಬಿಟ್ಟರು.

ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಕನ್ನಡಕದ ಸ್ಕ್ರೂ ಬಿಗಿಮಾಡುವ ಪುಟ್ಟ ಸಲಕರಣೆಯಿಂದ ನಮ್ಮ ವಾಲಗವನ್ನು ಬಿಚ್ಚಿದೆ. ಸೀತಮ್ಮನವರ ಕ್ಯಾಸೆಟ್ಟಿಗೆ ಸ್ಕ್ರೂ ಇರಲಿಲ್ಲ. ಅಂಚಿಗೆ ಬ್ಲೇಡು ಹಾಕಿ ಒಡೆಯಬೇಕಾಯಿತು. ಬ್ಲೇಡು ಒಂದು ನೂಲು ಒಳಗೆ ಹೋದರೂ ಅಕ್ಕ ತಂಗಿ ಇಬ್ಬರೂ ಹೋಗುತ್ತಾರೆ. "ನಿಧಾನಕ್ಕೆ ಮಾಡಿ, ನನಗೇನು ಅವಸರ ಇಲ್ಲ" ಎಂದು ಪಕ್ಕದಲ್ಲಿ ಕೂತಿದ್ದ ಅವರೇ ನನಗೆ ಸಮಾಧಾನ ಹೇಳಿದರು. ಅರ್ಧ ಗಂಟೆಯ ಮೇಲೆ ಸುರುಳಿಗಳು ಹೊಸ ಚಿಪ್ಪಿನಲ್ಲಿ ಕೂತವು. ಮುದುರಿದ ಕಡೆ ಉಗುರಿನಿಂದ ನೀವಿ ಸರಿಮಾಡಿದೆ. ಪೂರ್ತಿ ಸರಿಹೋಗಲಿಲ್ಲ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿ ಟೇಪು ಬಿಟ್ಟೆ. ಬುಸ್ಸೆಂದಿತು. ಹಿಂದೆಯೇ ಗುಂಯ್ ಎಂದಿತು.

"ಹಾಂ, ಬಂದೆ" ಎಂದರು ಸೀತಮ್ಮ.

ಈಗ ಗಮನವಿಟ್ಟು ಕೇಳಿದೆ. ಅದು ಎಲ್ಲಿಯ ಮೋಟಾರು! ಪೆಟ್ಟಿಗೆ ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು. ಹಾಡು ಮೇಲಕ್ಕೆ ಹೋದಾಗ ಗಾಳಿಯ ಒತ್ತು ಸ್ವಲ್ಪ ಹೆಚ್ಚುತ್ತಿತ್ತು, ಕಮಲಮ್ಮನವರ ದನಿ ಬಂದು ನಿಲ್ಲುವ ಜಾಗದಲ್ಲಿ ಅದು ಅವರಿಗಾಗಿ ಕಾದಿರುತ್ತಿತ್ತು. ನಾನು ಗುಡಿಸಿದ್ದ ಪ್ರತಿಯಲ್ಲಿ ಅವರ ದನಿ ಆ ಜಾಗಕ್ಕೆ ಬಂದಾಗಲೆಲ್ಲ ಯಾಕೆ ತೆಳುವಾಗುತ್ತಿತ್ತು ಎಂಬುದೂ ಆಗ ಅರ್ಥವಾಯಿತು. ಶ್ರುತಿಯ ಜೊತೆ ದನಿಯನ್ನೂ ಒಂದಿಷ್ಟು ಗುಡಿಸಿಬಿಟ್ಟಿದ್ದೆ.

ಸೀತಮ್ಮನವರ ಕಡೆ ನೋಡಿದೆ. ಅವರ ಬಲಗೈ ಮಡಿಲಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡುತ್ತಿತ್ತು. ಅವರಿಗೆ ಅದು ಗೊತ್ತೇ ಇದ್ದಂತಿರಲಿಲ್ಲ.

ಅಷ್ಟರಲ್ಲಿ ಮುದುರಿದ ಜಾಗ ಬಂತು. ದನಿಯೂ ಹೋಯಿತು, ಶ್ರುತಿಯೂ ಹೋಯಿತು. ಒಂದೇ ಒಂದು ಕ್ಷಣವಿರಬೇಕು, ನಾನು ಟೇಪ್ ರೆಕಾರ್ಡರಿನ ಕಡೆ ಬಾಗಿದೆ. ಸೀತಮ್ಮನವರ ಕೈ ನಿಲ್ಲಲಿಲ್ಲ. ಮಡಿಲಲ್ಲಿ ಅದೇ ಲೆಕ್ಕದಲ್ಲಿ ಆಡುತ್ತಲೇ ಇತ್ತು, ಅಕ್ಕ ಹಿಂತಿರುಗಿ ಬರುವವರೆಗೆ.

ಆ ಪ್ರತಿಯನ್ನು ನಾನು ಮುಟ್ಟಲಿಲ್ಲ, ಇದ್ದ ಹಾಗೇ ಸೀತಮ್ಮನವರ ಮೊಬೈಲಿಗೆ ಹಾಕಿಕೊಟ್ಟೆ. ಈಗಲೂ ಸಂಜೆ ಅವರ ಮನೆಯ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ಆ ಗುಂಯ್ ಎನ್ನುವುದು ಕಿಟಕಿಯಿಂದ ಕೇಳಿಸುತ್ತದೆ. ನಾಚಿಕೆಯೂ ಆಗುತ್ತದೆ, ಸಂತೋಷವೂ ಆಗುತ್ತದೆ. ಜನ ಇನ್ನೂ ಕ್ಯಾಸೆಟ್ ತರುತ್ತಾರೆ. ಟೇಪು ಹಾಕುವ ಮೊದಲು ಅವರನ್ನು ಕೂರಿಸಿ ಕೇಳುತ್ತೇನೆ: "ಇದರಲ್ಲಿ ಯಾರ್ಯಾರಿದಾರೆ, ಎಲ್ಲರನ್ನೂ ಹೇಳ್ಬಿಡಿ."